ಜೀಪಿನ ಹಿಂದಿನ ಆಕ್ಸಲ್ ಕೂಗುತ್ತಿದೆಯಾ? ಬಿಚ್ಚಿಸುವ ಮೊದಲು ಇಷ್ಟು ನೋಡಿ

ಮೊದಲು ಟೈರ್ ಮೇಲೆ ಅನುಮಾನ ಪಡಿ. ಮಡ್ ಟೈರ್ ಡಾಂಬರಿನ ಮೇಲೆ ಗುಂಯ್ ಅನ್ನುವುದು ಮಾಮೂಲು, ರಸ್ತೆ ಬದಲಾದಂತೆ ಸದ್ದೂ ಬದಲಾದರೆ ಅದು ಟೈರೇ ಇರಬೇಕು.

ಆಮೇಲೆ ಖಾಲಿ ರಸ್ತೆಯಲ್ಲಿ 50–60 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಒತ್ತಿ, ಬಿಡಿ, ಮತ್ತೆ ಒತ್ತಿ. ಕಾಲಿನ ಜೊತೆಗೇ ಕೂಗು ಏರಿ ಇಳಿದರೆ ಕ್ರೌನ್-ಪಿನಿಯನ್ (ಆಕ್ಸಲ್ ಒಳಗಿನ ಹಲ್ಲುಚಕ್ರದ ಜೋಡಿ) ಕಡೆ ನೋಡಿ. ಕಾಲು ಏನೇ ಮಾಡಿದರೂ ಒಂದೇ ಸಮ ಗುರ್ ಅನ್ನುತ್ತಿದ್ದು ತಿರುವಿನಲ್ಲಿ ಜಾಸ್ತಿಯಾದರೆ ವೀಲ್ ಬೇರಿಂಗ್. ರಿವರ್ಸ್ ಹಾಕಿದಾಗ ಟಕ್ ಅಂದರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ (ಆಕ್ಸಲ್ ತಿರುಗಿಸುವ ಉದ್ದ ದಂಡದ) ಕ್ರಾಸ್, ಅಂದರೆ ಕೀಲು, ಅಲ್ಲಾಡಿಸಿ ನೋಡಿ. ನನ್ನದರಲ್ಲಿ ಅದೇ ಹೋಗಿತ್ತು, ಸುಮ್ನೆ ಆಕ್ಸಲ್ ಹೌಸಿಂಗ್ ಬಿಚ್ಚಿಸಿದ್ದೆ!

ಆಕ್ಸಲ್ ಆಯಿಲ್ ಇಳಿಸಿಯೂ ನೋಡಿ. ಆಯಿಲ್ ಇಳಿಸುವ ಬಿರಡೆಯ ಮ್ಯಾಗ್ನೆಟ್ಟಿಗೆ ಬೂದು ಪೇಸ್ಟ್ ಮೆತ್ತಿದ್ದರೆ ಪರವಾಗಿಲ್ಲ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗಾಡಿ ಓಡಿಸಬೇಡಿ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಹೊಳೆ ದಾಟಿದಾಗ ನೀರು ಹೊಕ್ಕಿದೆ, ಆಕ್ಸಲ್‌ಗೆ ಗಾಳಿಯಾಡುವ ಬ್ರೀದರ್ ಪೈಪ್ ಪರೀಕ್ಷಿಸಿ.