ಕಿಲಿಮಂಜಾರೋ ಬುಡಕ್ಕೆ ಬಂದ ಹೊಸಬರಿಗೆ: ಮೊದಲು ಎತ್ತರ ಕೇಳಿ

ಮೋಶಿ ಊರಿಗೆ ಬಂದಿಳಿದ ಪ್ರತಿ ಮನೆಯವರಿಗೂ ಇಲ್ಲಿಯ ನಮ್ಮ ಕನ್ನಡ ಬಳಗದವರು ಮೊದಲು ಹೇಳುವ ಮಾತು ಒಂದೇ. ಬಾಡಿಗೆ ಎಷ್ಟು ಅಂತ ಕೇಳುವ ಮುಂಚೆ ಮನೆ ಎಷ್ಟು ಎತ್ತರದಲ್ಲಿದೆ ಅಂತ ಕೇಳಿ. ಟಾಂಜಾನಿಯಾದ ಈ ಕಿಲಿಮಂಜಾರೋ ಸೀಮೆಯಲ್ಲಿ ಮಳೆ, ಸೊಳ್ಳೆ, ಸ್ವೆಟರ್, ಸಂತೆಗೆ ಬರುವ ತರಕಾರಿ, ಪಕ್ಕದ ಮನೆಯವರು ಆಡುವ ಮಾತು, ಎಲ್ಲಾ ಎತ್ತರದ ಜೊತೆಗೇ ಬದಲಾಗುತ್ತವೆ. ಹತ್ತು ಕಿಲೋಮೀಟರ್ ಮೇಲೆ ಹೋದರೆ ಬೇರೆಯದೇ ಊರಿಗೆ ಬಂದ ಹಾಗಿರುತ್ತದೆ.

ಮೋಶಿ ಊರು ಸುಮಾರು 800ರಿಂದ 900 ಮೀಟರ್ ಎತ್ತರದಲ್ಲಿದೆ. ಹೆಚ್ಚುಕಡಿಮೆ ಬೆಂಗಳೂರಿನ ಎತ್ತರವೇ, ಆದರೆ ಸಮಭಾಜಕ ವೃತ್ತದಿಂದ ಬರೀ ಮೂರು ಡಿಗ್ರಿ ದಕ್ಷಿಣಕ್ಕಿರುವುದರಿಂದ ಬಿಸಿಲು ಜಾಸ್ತಿ. ಸೆಕೆ ಕಾಡುವುದು ಜನವರಿ, ಫೆಬ್ರವರಿಯಲ್ಲಿ. ಜೂನ್, ಜುಲೈ ಬಂದರೆ ಬೆಳಗ್ಗೆ ಮಕ್ಕಳಿಗೆ ಸ್ವೆಟರ್ ಹಾಕಿ ಶಾಲೆಗೆ ಕಳಿಸಬೇಕು. ಮಳೆ ವರ್ಷಕ್ಕೆ ಎರಡು ಸಲ. ಮಾರ್ಚ್‌ನಿಂದ ಮೇ ತನಕ ಸುರಿಯುವ ದೊಡ್ಡ ಮಳೆಗೆ ಇಲ್ಲಿಯವರು ಮಸಿಕಾ ಅನ್ನುತ್ತಾರೆ. ನವೆಂಬರ್, ಡಿಸೆಂಬರ್ ಹೊತ್ತಿಗೆ ಬರುವ ಚಿಕ್ಕ ಮಳೆಗೆ ವುಲಿ. ಯುಗಾದಿ ಯಾವಾಗಲೂ ಮಸಿಕಾದೊಳಗೇ ಬೀಳುತ್ತದೆ. ಹಾಗಾಗಿ ಹಬ್ಬದ ಊಟವನ್ನು ಅಂಗಳದಲ್ಲಿ ಹಾಕಿಕೊಳ್ಳಬೇಡಿ.

ಊರಿನ ಉತ್ತರಕ್ಕೆ, ಬೆಟ್ಟದ ಕಡೆಗೆ, ಶಾಂಟಿಟೌನ್ ಅಂತ ಒಂದು ಬಡಾವಣೆ ಇದೆ. ಇಂಗ್ಲಿಷಿನಲ್ಲಿ ಗುಡಿಸಲುಗಳ ಕೇರಿ ಅನ್ನುವ ಅರ್ಥದ ಆ ಹೆಸರು ಕೇಳಿ ಹಿಂಜರಿಯಬೇಡಿ. ಮರಗಳ ನೆರಳಿನ, ಅಗಲ ಕಾಂಪೌಂಡಿನ ಒಳ್ಳೆಯ ಮನೆಗಳಿರುವ ಜಾಗ ಅದು. ದಕ್ಷಿಣಕ್ಕೆ ಇಳಿದಷ್ಟೂ ಸೆಕೆ, ಸೊಳ್ಳೆ ಎರಡೂ ಜಾಸ್ತಿ. ಇನ್ನೂ ಕೆಳಗೆ ಅರುಶಾ ಚಿನಿ ಕಡೆ ಕಬ್ಬಿನ ಬಯಲಿದೆ. ಸಕ್ಕರೆ ಕಾರ್ಖಾನೆ ಕೆಲಸಕ್ಕೆ ಬಂದವರು ಅಲ್ಲೇ ಇರುತ್ತಾರೆ. ಊರಲ್ಲಿರಿ, ಬಯಲಲ್ಲಿರಿ, ಸೊಳ್ಳೆ ಪರದೆ ಬಿಡಬೇಡಿ. ಜ್ವರ ಬಂದರೆ ಅದೇ ದಿನ ಮಲೇರಿಯಾ ಪರೀಕ್ಷೆ ಮಾಡಿಸಿ. ನಾಳೆ ನೋಡೋಣ ಅನ್ನಬೇಡಿ, ಮಕ್ಕಳ ವಿಷಯದಲ್ಲಂತೂ ಬೇಡವೇ ಬೇಡ. 1971ರಲ್ಲಿ ಶುರುವಾದ ಕೆಸಿಎಂಸಿ ದೊಡ್ಡಾಸ್ಪತ್ರೆ ಊರಲ್ಲೇ ಇದೆ.

ಗಡಿಯಾರದ ವಿಷಯ

ಇದನ್ನು ಮೊದಲ ವಾರವೇ ಕಲಿಯಿರಿ. ಸ್ವಾಹಿಲಿಯಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗಿನ 7 ಗಂಟೆ ಅವರಿಗೆ ಸಾ ಮೋಜಾ, ಅಂದರೆ ಒಂದು ಗಂಟೆ. 8 ಆದರೆ ಸಾ ಮ್ಬಿಲಿ, ಎರಡು. ಸಂಜೆ 7ಕ್ಕೆ ಮತ್ತೆ ಒಂದರಿಂದ ಎಣಿಕೆ. ಆರು ಗಂಟೆ ಕೂಡಿಸುವುದು ಅಥವಾ ಕಳೆಯುವುದು, ಅಷ್ಟೇ ಲೆಕ್ಕ. ನಾನು ಬಂದ ಹೊಸದರಲ್ಲಿ ಕರೆಂಟ್ ಕೆಲಸದವರು ಸಾ ನ್ನೆಗೆ ಬರುತ್ತೇನೆ ಅಂದಿದ್ದರು. ನ್ನೆ ಅಂದರೆ ನಾಲ್ಕು ಅಂತ ಗೊತ್ತಿತ್ತು. ಬೆಳಗ್ಗೆ ಎಲ್ಲರೂ ಸಂತೆಗೆ ಹೋಗಿ, ಮಧ್ಯಾಹ್ನ ಬಂದು ಕಾದು ಕೂತೆವು. ಅವರು ಬೆಳಗ್ಗೆ 10ಕ್ಕೇ ಬಂದು, ಬಾಗಿಲು ಬಡಿದು, ವಾಪಸ್ ಹೋಗಿದ್ದರು. ಎರಡು ರಾತ್ರಿ ಕತ್ತಲಲ್ಲಿ ಕಳೆದೆವು. ಯಾರಾದರೂ ಸಮಯ ಹೇಳಿದರೆ "ಅಸುಬುಹಿ?" ಅಂತ ಒಮ್ಮೆ ಕೇಳಿಕೊಳ್ಳಿ. ಅಂದರೆ ಬೆಳಗ್ಗೆಯಾ ಅಂತ.

ಊರಿಗೆ ಫೋನ್ ಮಾಡುವಾಗ ನೆನಪಿರಲಿ, ನಾವು ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ಸಂಜೆ ಆರೂವರೆ ಆದರೆ ಅಲ್ಲಿ ಅಜ್ಜಿಗೆ ಒಂಬತ್ತು, ಮಲಗುವ ಹೊತ್ತು.

ಬೆಟ್ಟವನ್ನು ಕೆಳಗಿನಿಂದ ಮೇಲೆ ನೋಡುವುದು

ಕಿಲಿಮಂಜಾರೋ ಎತ್ತರ 5,895 ಮೀಟರ್. ಆಫ್ರಿಕಾದಲ್ಲೇ ಅತಿ ಎತ್ತರದ್ದು. ಇದು ಒಂದೇ ಶಿಖರವಲ್ಲ, ಮೂರು ಜ್ವಾಲಾಮುಖಿಗಳು ಸೇರಿದ ಬೆಟ್ಟ. ಹಿಮ ಇರುವ ದುಂಡು ನೆತ್ತಿ ಕಿಬೊ. ಅದರ ಪೂರ್ವಕ್ಕೆ ಮುರಿದ ಹಲ್ಲಿನ ಹಾಗೆ ನಿಂತಿರುವುದು ಮಾವೆಂಝಿ, 5,149 ಮೀಟರ್. ಪಶ್ಚಿಮದಲ್ಲಿ ಕುಸಿದು ಚಪ್ಪಟೆಯಾಗಿರುವುದು ಶಿರಾ. ಮಾವೆಂಝಿಯ ತಲೆ ಯಾಕೆ ಹೀಗೆ ಅನ್ನುವುದಕ್ಕೆ ಈ ಇಳಿಜಾರಿನಲ್ಲಿರುವ ಚಗ್ಗಾ ಜನ ಮಕ್ಕಳಿಗೆ ಒಂದು ಕತೆ ಹೇಳುತ್ತಾರೆ. ಮಾವೆಂಝಿಯ ಒಲೆ ಆಗಾಗ ಆರಿಹೋಗುತ್ತಿತ್ತು. ಕೆಂಡ ಕೊಡು ಅಂತ ಅದು ಕಿಬೊ ಮನೆಗೆ ಮತ್ತೆ ಮತ್ತೆ ಹೋಗುತ್ತಿತ್ತು. ಬಾಳೆಕಾಯಿ ಕುಟ್ಟುತ್ತಿದ್ದ ಕಿಬೊಗೆ ಸಿಟ್ಟು ಬಂದು ಒನಕೆಯಿಂದಲೇ ಬಾರಿಸಿತು. ಅವತ್ತಿನಿಂದ ಮಾವೆಂಝಿಗೆ ಆ ಗಾಯಗಳು.

ಬೆಟ್ಟ ಕಾಣಬೇಕಾದರೆ ಬೆಳಗ್ಗೆ ಬೇಗ ಅಥವಾ ಸಂಜೆ ಮಾಳಿಗೆ ಹತ್ತಿ. ನಡುಹಗಲಲ್ಲಿ ಮೋಡ ಮುಚ್ಚಿರುತ್ತದೆ. ಬಂದು ವಾರವಾದರೂ ಬೆಟ್ಟ ಕಂಡಿಲ್ಲ ಅಂತ ಬೇಸರಪಟ್ಟುಕೊಳ್ಳಬೇಡಿ. 1912ರಲ್ಲಿದ್ದ ಹಿಮಗಡ್ಡೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಕರಗಿಹೋಗಿದೆ. ನಿಮ್ಮ ಮಕ್ಕಳು ನೋಡುವ ಬಿಳಿ ನೆತ್ತಿ ಅವರ ಮಕ್ಕಳಿಗೆ ಕಾಣುತ್ತದೋ ಇಲ್ಲವೋ. ಅದಕ್ಕೇ ಹೇಳುತ್ತಿದ್ದೇನೆ, ಬೇಗ ಎದ್ದು ನೋಡಿ.

ಆದರೆ ಊರಿಗೆ ಬರುವ ನೀರು ಆ ಹಿಮದ್ದು ಅಂತ ತಿಳಿಯಬೇಡಿ. ನೀರು ಕೊಡುವುದು ಕಾಡು. ಸುಮಾರು 1,800 ಮೀಟರ್‌ನಿಂದ ಮೇಲೆ ಬೆಟ್ಟದ ಸುತ್ತ ದಟ್ಟ ಮಳೆಕಾಡಿನ ಪಟ್ಟಿ ಇದೆ. ದಕ್ಷಿಣದ ಇಳಿಜಾರಿಗೆ ಮಳೆ ಜಾಸ್ತಿ, ಉತ್ತರದ ಕಡೆ ಒಣ. ಮರಗಳಿಂದ ಗಡ್ಡದ ಹಾಗೆ ಹಾವಸೆ ನೇತಾಡುತ್ತಿರುತ್ತದೆ. ಕಪ್ಪು ಮೈಗೆ ಬಿಳಿ ಶಾಲು ಹೊದ್ದ ಹಾಗಿರುವ ಕೊಲೊಬಸ್ ಕೋತಿಗಳು ಕೊಂಬೆಯಿಂದ ಕೊಂಬೆಗೆ ಹಾರುತ್ತವೆ. ಅವುಗಳಿಗೆ ಇಲ್ಲಿ ಮ್ಬೇಗಾ ಅನ್ನುತ್ತಾರೆ. ಇದೇ ಬೆಟ್ಟದ ಒಂದು ಕಣಿವೆಯಲ್ಲಿ 81.5 ಮೀಟರ್ ಎತ್ತರದ ಮರ ಇರುವುದನ್ನು ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು. ಆಫ್ರಿಕಾದಲ್ಲಿ ಆವರೆಗೆ ಅಳೆದ ಮರಗಳಲ್ಲಿ ಅದೇ ಎತ್ತರದ್ದು.

ಕಾಡಿನ ಕೆಳಗೆ ಚಗ್ಗಾ ಜನರ ಕಿಹಾಂಬಾ. ಅಂದರೆ ಮನೆಯ ಸುತ್ತಲಿನ ತೋಟ. ಮಲೆನಾಡು, ಕೊಡಗಿನವರಿಗೆ ನೋಡಿದ ಕೂಡಲೇ ಕಣ್ಣು ತುಂಬಿಬರುತ್ತದೆ. ಮೇಲೆ ನೆರಳು ಮರ, ಅದರ ಕೆಳಗೆ ಬಾಳೆ, ಬಾಳೆಯ ಕೆಳಗೆ ಕಾಫಿ, ಕಾಫಿಯ ಬುಡದಲ್ಲಿ ಕೆಸ, ಸೊಪ್ಪು. ಹಸುಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ ಮೇವು ಹಾಕುತ್ತಾರೆ, ಗೊಬ್ಬರ ವಾಪಸ್ ಬಾಳೆಯ ಬುಡಕ್ಕೆ ಹೋಗುತ್ತದೆ. ಕಾಡಿನ ತೊರೆಗಳಿಂದ ಇಳಿಜಾರಿನುದ್ದಕ್ಕೂ ತಲೆಮಾರುಗಳ ಹಿಂದೆಯೇ ತೋಡಿದ ಕಾಲುವೆಗಳಿವೆ. ಅವಕ್ಕೆ ಮ್ಫೊಂಗೊ ಅನ್ನುತ್ತಾರೆ. ಯಾರ ತೋಟಕ್ಕೆ ಯಾವ ದಿನ ನೀರು ಅನ್ನುವುದು ಊರಿನವರೇ ಕೂತು ಮಾಡಿಕೊಂಡ ಕಟ್ಟು. ನಡೆಯಲು ಹೋದಾಗ ಕಾಲುವೆಯ ಏರಿ ಮೇಲೆ ಕಾಲಿಟ್ಟು ಮಣ್ಣು ಕೆಡವಬೇಡಿ. ಅದರಲ್ಲಿ ಕೈಕಾಲು ತೊಳೆಯುವುದೂ ಬೇಡ, ಕೆಳಗಿನ ಮನೆಯವರು ಅದೇ ನೀರು ಬಳಸುತ್ತಿರಬಹುದು.

ಕಾಫಿಯನ್ನು ಇಲ್ಲಿಗೆ ತಂದವರು ಮಿಷನರಿಗಳು. ಅದನ್ನು ತಮ್ಮದಾಗಿಸಿಕೊಂಡವರು ಚಗ್ಗಾ ರೈತರು. 1930ರ ದಶಕದ ಶುರುವಿನಲ್ಲೇ ಇಲ್ಲಿಯ ಕಾಫಿ ಬೆಳೆಗಾರರು ಕೆಎನ್‌ಸಿಯು ಎಂಬ ಸಹಕಾರ ಸಂಘ ಕಟ್ಟಿಕೊಂಡರು. ಆಫ್ರಿಕಾದ ತುಂಬಾ ಹಳೆಯ ಸಹಕಾರ ಸಂಘಗಳಲ್ಲಿ ಅದೂ ಒಂದು. ಫಿಲ್ಟರ್ ಕಾಫಿಗೆ ಪುಡಿ ಊರಿಂದ ಹೊತ್ತು ತರುವ ಅಗತ್ಯವೇ ಇಲ್ಲ. ಇಲ್ಲಿಯ ಬೀಜ ಕೊಂಡು ಹುರಿಸಿ, ಚಿಕೋರಿ ಮಾತ್ರ ಊರಿಂದ ತನ್ನಿ.

ಅಡುಗೆಮನೆ

ಹೊಸದಾಗಿ ಬಂದ ಅಮ್ಮಂದಿರು ಹೆಚ್ಚು ಚಿಂತೆ ಮಾಡುವುದು ಇದಕ್ಕೇ, ಆದರೆ ಚಿಂತೆಗೆ ಕಾರಣವೇ ಇಲ್ಲ. ರಾಗಿಗೆ ಇಲ್ಲಿ ಉಲೇಝಿ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡುಗಳು. ಸಾವಿರಾರು ವರ್ಷಗಳ ಹಿಂದೆ ಇಲ್ಲಿಂದ ನಮ್ಮ ಕಡೆಗೆ ಬಂತು. ಬೆಳಗ್ಗೆ ಮಕ್ಕಳಿಗೆ ಕೊಡುವ ಉಜಿ ಅಂದರೆ ನಮ್ಮ ರಾಗಿ ಗಂಜಿಯೇ. ಚಗ್ಗಾ ಜನರ ಹಬ್ಬ, ಮದುವೆಗಳಲ್ಲಿ ಕುಡಿಯುವ ಮ್ಬೆಗೆ ಎಂಬ ಹುಳಿ ಪಾನೀಯವನ್ನೂ ಬಾಳೆಹಣ್ಣು ಮತ್ತು ಮೊಳಕೆ ರಾಗಿಯಿಂದ ಮಾಡುತ್ತಾರೆ. ಅದರಲ್ಲಿ ಅಮಲಿದೆ, ಗೊತ್ತಿರಲಿ.

ಜೋಳಕ್ಕೆ ಮ್ತಾಮಾ, ಸಜ್ಜೆಗೆ ಉವೆಲೆ. ಹಾಗಾಗಿ ಉತ್ತರ ಕರ್ನಾಟಕದವರ ರೊಟ್ಟಿಗೂ ತೊಂದರೆಯಿಲ್ಲ. ಕಾಳು ಕೊಂಡು, ಕಲ್ಲು ಆರಿಸಿ, ಬಿಸಿಲಿಗೆ ಹಾಕಿ, ಗಿರಣಿಗೆ ಒಯ್ದು ಬೀಸಿಸಿ. ಗಿರಣಿಯಲ್ಲಿ ಹಿಂದಿನವರದು ಮೆಕ್ಕೆಜೋಳವಾಗಿದ್ದರೆ ಮೊದಲ ಎರಡು ಹಿಡಿ ಹಿಟ್ಟು ಬೇರೆ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಮುದ್ದೆ ಕಟ್ಟುವಾಗ ಒಡೆಯುತ್ತದೆ.

ತೊಗರಿಗೆ ಮ್ಬಾಝಿ, ಹೆಸರುಕಾಳಿಗೆ ಚೊರೊಕೊ, ಅಲಸಂದೆಗೆ ಕುಂಡೆ, ಹುಣಸೆಗೆ ಉಕ್ವಾಜು, ಏಲಕ್ಕಿಗೆ ಇಲಿಕಿ, ತೆಂಗಿನಕಾಯಿಗೆ ನಾಝಿ. ಮ್ಚಿಚಾ ಅಂತ ಕಟ್ಟು ಕಟ್ಟಿ ಮಾರುವುದು ನಮ್ಮ ಹರಿವೆ ಸೊಪ್ಪೇ. ಬೆಂಡೆಗೆ ಬಾಮಿಯಾ. ಬೆಲ್ಲ ಬೇಕಾದರೆ ಸುಕಾರಿ ಗುರು ಅಂತ ಕೇಳಿ. ಯುಗಾದಿಗೆ ಬೇವು ಬೇಕಾ? ಮ್ವಾರುಬಾಯಿನಿ ಮರ ಎಲ್ಲಿದೆ ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ. ನಲವತ್ತು ರೋಗಕ್ಕೆ ಮದ್ದು ಅನ್ನುವ ಅರ್ಥದ ಹೆಸರು ಅದು. ಬಾಳೆ ಎಲೆಯ ಮಾತಂತೂ ಬೇಡವೇ ಬೇಡ, ಎಲ್ಲೆಲ್ಲೂ ಇದೆ. ಸಸ್ಯಾಹಾರಿಗಳು ಚಗ್ಗಾ ಮನೆಗೆ ಊಟಕ್ಕೆ ಹೋದಾಗ ಕಿಬುರು ಕೇಳಿ, ಬಾಳೆಕಾಯಿ ಮತ್ತು ಹುರುಳಿಕಾಯಿ ಬೀಜ ಸೇರಿಸಿ ಬೇಯಿಸಿದ್ದು. ಮ್ತೋರಿ ಎಂಬ ಬಾಳೆಕಾಯಿ ಸೂಪಿನಲ್ಲಿ ಮಾಂಸ ಇರುತ್ತದೆ. ಬಾಣಂತಿಯರಿಗೆ ಅದನ್ನೇ ಕೊಡುತ್ತಾರೆ.

ಸಂತೆಗೆ ಬಟ್ಟೆ ಚೀಲ ಒಯ್ಯಿರಿ. ಪ್ಲಾಸ್ಟಿಕ್ ಕೈಚೀಲಗಳನ್ನು 2019ರ ಜೂನ್ 1ರಿಂದ ಇಡೀ ದೇಶದಲ್ಲಿ ನಿಷೇಧಿಸಿದ್ದಾರೆ. ಊರಿಂದ ಬರುವವರಿಗೂ ಇದನ್ನು ಮೊದಲೇ ತಿಳಿಸಿ.

ಜನ, ಮಾತು, ಮರ್ಯಾದೆ

ಇಳಿಜಾರಿನಲ್ಲಿರುವವರು ಹೆಚ್ಚಾಗಿ ಚಗ್ಗಾ. ಅವರೆಲ್ಲ ಒಂದೇ ಮಾತು ಆಡುತ್ತಾರೆ ಅಂದುಕೊಳ್ಳಬೇಡಿ. ಬೆಟ್ಟದ ಪಶ್ಚಿಮದ ಮಚಾಮೆಯ ಮಾತು ಪೂರ್ವದ ರೋಂಬೊದವರಿಗೆ ಸಲೀಸಾಗಿ ತಿಳಿಯುವುದಿಲ್ಲ. ಹಿಂದೆ ಒಂದೊಂದು ಭಾಗಕ್ಕೆ ಒಬ್ಬೊಬ್ಬ ಮಾಂಗಿ, ಅಂದರೆ ದೊರೆ. ಆಗ ಇಲ್ಲಿ ಆಳುತ್ತಿದ್ದ ಜರ್ಮನ್ನರು 1900ರಲ್ಲಿ ಗಲ್ಲಿಗೇರಿಸಿದ ಮಾಂಗಿ ಮೆಲಿಯ ಹೆಸರನ್ನು ಹಳೆ ಮೋಶಿಯಲ್ಲಿ ಇವತ್ತಿಗೂ ಗೌರವದಿಂದ ಹೇಳುತ್ತಾರೆ. ಆಗ್ನೇಯಕ್ಕೆ ಪಾರೆ ಬೆಟ್ಟಗಳಿವೆ, ಮ್ವಾಂಗಾ ಮತ್ತು ಸಾಮೆ ಜಿಲ್ಲೆಗಳಲ್ಲಿ. ಅಲ್ಲಿಯ ಪಾರೆ ಜನರ ಶುಂಠಿ ಒಮ್ಮೆ ತಂದು ನೋಡಿ, ಘಾಟೇ ಬೇರೆ. ಬಯಲಲ್ಲಿ ದನ ಮೇಯಿಸುವವರು ಮಸಾಯಿ ಜನ. ಕೆಂಪು ಶುಕಾ ಹೊದ್ದು ನಿಂತಿದ್ದಾರೆ ಅಂತ ಸುಮ್ನೆ ಫೋನ್ ಎತ್ತಿ ಫೋಟೋ ತೆಗೆಯಬೇಡಿ. ನಮ್ಮ ಅಜ್ಜಿಯನ್ನು ಹೀಗೆ ಯಾರಾದರೂ ತೆಗೆದರೆ ನಮಗೆ ಹೇಗನಿಸುತ್ತದೆ? ಕೇಳಿ, ಒಪ್ಪಿದರೆ ತೆಗೆಯಿರಿ.

ಎಲ್ಲರ ನಡುವೆ ನಡೆಯುವುದು ಸ್ವಾಹಿಲಿ. ಹಿರಿಯರಿಗೆ "ಶಿಕಾಮೋ" ಅನ್ನಲೇಬೇಕು, ಅವರು "ಮರಹಾಬಾ" ಅನ್ನುತ್ತಾರೆ. ಮಕ್ಕಳಿಗೆ ಮೊದಲು ಇದನ್ನೇ ಕಲಿಸಿ. ಅಂಗಡಿಗೆ ಹೋಗಿ ನೇರವಾಗಿ ಬೆಲೆ ಕೇಳುವುದು ಇಲ್ಲಿ ಒರಟುತನ. ಮೊದಲು "ಹಬಾರಿ", ಮನೆಯಲ್ಲಿ ಹೇಗಿದ್ದಾರೆ, ಆಮೇಲೆ ಟೊಮೇಟೊ. ಯಾರ ಮನೆಗೆ ಹೋದರೂ ಹೊರಗೇ ನಿಂತು "ಹೋಡಿ" ಅನ್ನಿ. ಒಳಗಿನಿಂದ "ಕರಿಬು" ಅಂದ ಮೇಲೆ ಕಾಲಿಡಿ. ಎಡವಿ ಬಿದ್ದರೂ, ಸಾವಿನ ಮನೆಯಾದರೂ ಹೇಳುವ ಮಾತು "ಪೋಲೆ". ಒಂದು ಲಕ್ಷಕ್ಕೆ ಲಾಕಿ ಮೋಜಾ, ಆಟೋಗೆ ಬಜಾಜಿ, ಗಾಡಿಗೆ ಗಾರಿ. ಅರ್ಧ ಭಾಷೆ ನಿಮಗೆ ಬಂದೇ ಬಿಟ್ಟಿದೆ, ಅಲ್ವಾ? ಕೆಲವೇ ದಿನಗಳಲ್ಲಿ ನಿಮ್ಮ ಹೆಸರು ಹೋಗಿ ಮಗುವಿನ ಹೆಸರು ಬರುತ್ತದೆ. ಮಾಮಾ ಅನನ್ಯ, ಬಾಬಾ ಅನನ್ಯ ಅಂತ. ಹಾಗೆ ಕರೆದರೆ ನೆರೆಯವರು ನಿಮ್ಮನ್ನು ಒಪ್ಪಿಕೊಂಡರು ಅಂತಲೇ ತಿಳಿಯಿರಿ.

ತೋಟಗಳ ಬೇಲಿಯಲ್ಲಿ ಉದ್ದ ಹಸಿರು ಎಲೆಯ ಒಂದು ಗಿಡ ಕಾಣುತ್ತದೆ, ಅದು ಇಸಾಲೆ. ಚೆನ್ನಾಗಿದೆ ಅಂತ ಕಿತ್ತು ತಂದು ಕುಂಡದಲ್ಲಿ ನೆಡಬೇಡಿ. ಅದು ಜಮೀನಿನ ಗಡಿ, ಹಿರಿಯರ ಸಮಾಧಿಯ ಗುರುತು. ಜಗಳವಾಡಿದವರು ಇಸಾಲೆ ಎಲೆ ಹಿಡಿದು ಬಂದು ಕ್ಷಮೆ ಕೇಳಿದರೆ ಇಲ್ಲ ಅನ್ನುವುದು ಚಗ್ಗಾ ಜನರಲ್ಲಿ ತುಂಬಾ ಕಷ್ಟ.

ಬೆಟ್ಟ ಹತ್ತುವವರಿಗೆ

ಹತ್ತುವವರು ಹೊರಡುವ ಬಾಗಿಲುಗಳಲ್ಲಿ ಒಂದಾದ ಮರಾಂಗು ಗೇಟ್ ಇರುವುದೇ ಸುಮಾರು 1,880 ಮೀಟರ್‌ನಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930. ಅಂದರೆ ಕರ್ನಾಟಕದ ಅತಿ ಎತ್ತರದ ಜಾಗ ಮುಗಿಯುವಲ್ಲಿ ಇಲ್ಲಿ ಹತ್ತುವುದು ಶುರು. ಊರಲ್ಲಿ ಬೆಟ್ಟ ಹತ್ತಿದ್ದೇವೆ ಅನ್ನುವ ಧೈರ್ಯ ಇಲ್ಲಿಗೆ ಸಾಲದು. ತಲೆನೋವು, ವಾಂತಿ, ತಲೆಸುತ್ತು ಬಂದು ಜಾಸ್ತಿಯಾಗುತ್ತಿದ್ದರೆ ಔಷಧಿ ಒಂದೇ, ಕೆಳಗೆ ಇಳಿಯುವುದು. ದುಡ್ಡು ಕಟ್ಟಿದ್ದೇವೆ ಅಂತ ಮುಂದೆ ಹೋಗಬೇಡಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ತುದಿಗೆ ಹೋಗಲು ಅನುಮತಿ ಇಲ್ಲ. ಮನೆಮಂದಿಯೆಲ್ಲ ಹೋಗುವುದಾದರೆ ಗೇಟಿನಿಂದ ಮಂದಾರಾ ಹಟ್ ತನಕ ಕಾಡೊಳಗಿನ ಒಂದು ದಿನದ ನಡಿಗೆ ಸಾಕು. ಗೈಡ್ ಮತ್ತು ಹೊರೆ ಹೊರುವವರ ಕೂಲಿಯಲ್ಲಿ ಚೌಕಾಶಿ ಮಾಡಬೇಡಿ, ಅವರ ಬೆನ್ನ ಮೇಲೆಯೇ ನಿಮ್ಮ ಊಟ ಮೇಲಕ್ಕೆ ಬರುವುದು. ಇಷ್ಟೂ ಬೇಡ ಅನ್ನುವವರಿಗೆ ಮಟೆರುನಿ ಜಲಪಾತ ಇದೆ, ಊರಂಚಿನಲ್ಲೇ ರಾವು ಕಾಡು ಇದೆ.

ಬೇಗ ಮುಗಿಸಬೇಕಾದ ಕೆಲಸಗಳು

ಸಿಮ್‌ಗೆ ಪಾಸ್‌ಪೋರ್ಟ್, ಬೆರಳಚ್ಚು ಎರಡೂ ಬೇಕು. ಸಿಮ್ ಬಂದ ಕೂಡಲೇ ಮೊಬೈಲ್ ಹಣದ ಖಾತೆ ತೆರೆಯಿರಿ, ಸೊಪ್ಪಿನವರೂ ಅದರಲ್ಲೇ ದುಡ್ಡು ತೆಗೆದುಕೊಳ್ಳುತ್ತಾರೆ. ಕರೆಂಟಿಗೆ ಲುಕು ಮೀಟರ್, ಮೊದಲೇ ದುಡ್ಡು ಕಟ್ಟಿ ಬಂದ ಅಂಕಿಗಳನ್ನು ಒತ್ತಬೇಕು. ಶನಿವಾರ ರಾತ್ರಿ ಮುಗಿಯದ ಹಾಗೆ ನೋಡಿಕೊಳ್ಳಿ. ಇಲ್ಲಿಯ ಶಾಲೆಗಳ ವರ್ಷ ಜನವರಿಗೆ ಶುರು. ಜೂನ್‌ನಲ್ಲಿ ಊರಿಂದ ಬಂದ ಮಗು ವರ್ಷದ ನಡುವೆ ಸೇರಬೇಕಾಗುತ್ತದೆ, ಯಾವ ತರಗತಿಗೆ ಅಂತ ಬರುವ ಮುಂಚೆಯೇ ಶಾಲೆಯವರ ಹತ್ತಿರ ಮಾತಾಡಿ. ಗಂಡ ಅಥವಾ ಹೆಂಡತಿಯ ಕೆಲಸದ ಮೇಲೆ ಬಂದವರು ವಾಸದ ಪರವಾನಗಿಯ ಅವಧಿಯನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ಡಿಸೆಂಬರ್. ದಾರ್ ಎಸ್ ಸಲಾಮ್‌ನಲ್ಲಿ, ದೇಶದ ಬೇರೆ ಮೂಲೆಗಳಲ್ಲಿ ಇರುವ ಚಗ್ಗಾ ಜನರೆಲ್ಲ ಕ್ರಿಸ್‌ಮಸ್‌ಗೆ ಬೆಟ್ಟದ ಮನೆಗೆ ವಾಪಸ್ ಬರುತ್ತಾರೆ. ನಮ್ಮಲ್ಲಿ ಗೌರಿ ಗಣೇಶ ಹಬ್ಬಕ್ಕೆ ಬೆಂಗಳೂರು ಖಾಲಿಯಾಗುವ ಹಾಗೆ. ಆಗ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ, ಸಂತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪ್ರಯಾಣ ಇದ್ದರೆ ನವೆಂಬರ್‌ನಲ್ಲೇ ಟಿಕೆಟ್ ತೆಗೆದುಕೊಳ್ಳಿ. ಪ್ರಯಾಣ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಪಕ್ಕದ ಮನೆಯವರು ಖಂಡಿತ ಊರಿಗೆ ಬಾ ಅಂತ ಕರೆಯುತ್ತಾರೆ. ಒಂದು ಕಿಲೋ ಸಕ್ಕರೆ, ಚಹಾ ಪುಡಿ ಕೈಯಲ್ಲಿ ಹಿಡಿದು, ಮಕ್ಕಳಿಗೆ ಸ್ವೆಟರ್ ಹಾಕಿಸಿ ಹೋಗಿ. ಅಂಗಳದಲ್ಲಿ ನಿಂತು "ಹೋಡಿ" ಅನ್ನಲು ಮರೆಯಬೇಡಿ.