ಬೆಳಗಿನ ಹನ್ನೆರಡು ನಿಮಿಷ: ಲೂಥರನ್ ಶಾಲೆಯಲ್ಲಿ ಆರಾಧನೆ ಮತ್ತು ಬೈಬಲ್ ಪಾಠ ನಡೆಸುವ ಬಗೆ

ಈ ಜೂನ್‌ನಿಂದ ಬೆಳಗಿನ ಆರಾಧನೆ ನೀನೇ ನೋಡ್ಕೋ ಅಂತ ಹೊಸ ಟೀಚರಿಗೆ ಹೇಳಿದೆ. ಗದಗಿನ ಹುಡುಗಿ. "ಅಕ್ಕಾರ, ಎಷ್ಟೊತ್ತು ಮಾತಾಡ್ಬೇಕ್ರಿ?" ಅಂದಳು. ಮೂರೇ ನಿಮಿಷ ಅಂದೆ. ನಂಬಲಿಲ್ಲ.

ನಾನು ಹುಬ್ಬಳ್ಳಿಯ ಬಾಸೆಲ್ ಮಿಶನ್ ಸಭೆಯ, ಅಂದರೆ ಚರ್ಚಿನ, ಮನೆಯವಳು. ಮದುವೆಯಾಗಿ ಡೊಂಬಿವಿಲಿಗೆ ಬಂದೆ. ಮುಂಬೈಯ ಒಂದು ಸಣ್ಣ ಲೂಥರನ್ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಈ ಕೆಲಸ ನನ್ನದು. ಮೊದಲ ವರ್ಷ ಒಂದು ದಿನ ಪ್ರಾರ್ಥನೆಯನ್ನೇ ಒಂಬತ್ತು ನಿಮಿಷ ಎಳೆದೆ. ಜುಲೈ ತಿಂಗಳು, ಕರೆಂಟ್ ಬೇರೆ ಇರಲಿಲ್ಲ. ನಾನು ಕಣ್ಣು ಬಿಡುವಷ್ಟರಲ್ಲಿ ಮೂರನೇ ಕ್ಲಾಸಿನ ಇಬ್ಬರು ನೆಲದ ಮೇಲೆ ಕೂತು ತೂಕಡಿಸುತ್ತಿದ್ದರು. ಲೂಥರನ್ ಸಭೆಯ ಮೂಲಪುರುಷ, ಜರ್ಮನಿಯ ಮಾರ್ಟಿನ್ ಲೂಥರ್ ಹೇಳಿದ್ದೂ ಅಷ್ಟೇ ಅಲ್ವಾ: ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡು, ಒಂದು ಹಾಡು ಹಾಡು, ಖುಷಿಯಾಗಿ ಕೆಲಸಕ್ಕೆ ಹೋಗು. ಹಾಗಾಗಿ ಒಂದು ಹಾಡು, ಬೈಬಲಿನ ಕೀರ್ತನೆಯ ನಾಲ್ಕು ಸಾಲು, ಮಕ್ಕಳಲ್ಲೇ ಒಬ್ಬರಿಂದ ಬೈಬಲ್ ಓದು, ಮೂರು ನಿಮಿಷ ಮಾತು, ಯೇಸು ಕಲಿಸಿದ ಕರ್ತನ ಪ್ರಾರ್ಥನೆ, ಆಶೀರ್ವಾದ. ಮುಗೀತು. ಆರಾಧನೆಯ ಮೇಜಿನ ಬಟ್ಟೆಯ ಬಣ್ಣ ಮರೀಬೇಡಿ. ಕ್ರಿಸ್‌ಮಸ್‌ಗೆ ಬಿಳಿ, ಪವಿತ್ರಾತ್ಮ ಇಳಿದುಬಂದ ಹಬ್ಬ ಪೆಂಟೆಕೋಸ್ಟಿಗೆ ಕೆಂಪು, ಮಳೆಗಾಲ ಪೂರ್ತಿ ಹೆಚ್ಚುಕಡಿಮೆ ಹಸಿರೇ. ವಾರಕ್ಕೊಮ್ಮೆ ಬಿಸಿಲಿಗೆ ಹಾಕದಿದ್ದರೆ ಬೂಷ್ಟು ಹಿಡಿಯುತ್ತದೆ.

ಇದಕ್ಕೆಲ್ಲ ಮುಂಚೆ ಒಂದು ಕಾಗದದ ಕೆಲಸ ಇದೆ. ನಮ್ಮಲ್ಲಿ ಅರ್ಧಕ್ಕರ್ಧ ಮಕ್ಕಳು ಕ್ರೈಸ್ತರಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಆರಾಧನೆಗಾಗಲಿ ಧರ್ಮದ ಪಾಠಕ್ಕಾಗಲಿ ಕೂರಿಸುವ ಹಾಗಿಲ್ಲ. ಸಂವಿಧಾನದ 28ನೇ ವಿಧಿಯ ಮಾತಿದು. ಅಡ್ಮಿಷನ್ ದಿನವೇ ಬರೆಸಿಕೊಳ್ಳಿ. ಬರದ ಮಕ್ಕಳಿಗೆ ಲೈಬ್ರರಿ ತೆರೆದಿಡಿ. ಕಾರಿಡಾರಿನಲ್ಲಿ ನಿಲ್ಲಿಸಿದರೆ ಅದು ಶಿಕ್ಷೆಯ ಹಾಗೆ ಕಾಣುತ್ತದೆ.

ಇನ್ನು ಪಾಠ. 1528ರಲ್ಲಿ ಲೂಥರ್ ಜರ್ಮನಿಯ ಸ್ಯಾಕ್ಸನಿಯ ಹಳ್ಳಿ ಸಭೆಗಳನ್ನು ನೋಡಲು ಹೋದ. ಜನಕ್ಕಿರಲಿ, ಕೆಲವು ಪಾದ್ರಿಗಳಿಗೇ ಪಾಠ ಹೇಳಿಕೊಡುವ ಯೋಗ್ಯತೆ ಇರಲಿಲ್ಲ. ಆ ಸಂಕಟದಲ್ಲಿ ಬರೆದದ್ದು 1529ರ ಚಿಕ್ಕ ಕ್ಯಾಟಕಿಸಂ, ಅಂದರೆ ಧರ್ಮದ ಮೂಲಪಾಠಗಳ ಪ್ರಶ್ನೋತ್ತರ. ಮೊದಲು ಅದು ಬಂದದ್ದು ಗೋಡೆಗೆ ತೂಗುಹಾಕುವ ಹಾಳೆಗಳಾಗಿ. ನಾನೂ ಹಾಗೇ ಮಾಡುತ್ತೇನೆ. ಬೈಬಲಿನ ಹತ್ತು ಆಜ್ಞೆಗಳಲ್ಲಿ ತಿಂಗಳಿಗೆ ಒಂದು, ಅದಕ್ಕೊಂದು ಚಾರ್ಟ್, ಕೆಳಗೆ ಲೂಥರ್ ಪ್ರತಿ ಸಲ ಕೇಳುವ ಪ್ರಶ್ನೆ: ಹಾಗಂದ್ರೆ ಏನು? ಉತ್ತರ ಕೂಡಲೇ ಹೇಳಿಬಿಡಬೇಡಿ. ಸುಮ್ನೆ ಕಾಯಿರಿ.

ಎಂಟನೇ ಆಜ್ಞೆಯ ತಿಂಗಳು, ಐದನೇ ಕ್ಲಾಸಿನಲ್ಲಿ ಒಬ್ಬಳ ಕಂಪಾಸ್ ಬಾಕ್ಸ್ ಕಾಣೆಯಾಯಿತು. ಪಕ್ಕದ ಹುಡುಗನೇ ಕದ್ದದ್ದು ಅಂತ ಇಡೀ ಕ್ಲಾಸು ತೀರ್ಮಾನ ಮಾಡಿತ್ತು. ನಾನು ಚಾರ್ಟ್ ತೋರಿಸಿದೆ: "ಸುಳ್ಳುಸಾಕ್ಷಿ ಹೇಳಬಾರದು." ಹಾಗಂದ್ರೆ ಏನು? ಸುಳ್ಳು ಹೇಳಬಾರದು, ಅಷ್ಟೇ ಅಂದರು. ಅಷ್ಟೇ ಅಲ್ಲ, ಇನ್ನೊಬ್ಬರ ಪರವಾಗಿ ನಿಲ್ಲಬೇಕು, ನಡೆದದ್ದಕ್ಕೆಲ್ಲ ಆದಷ್ಟು ಒಳ್ಳೆಯ ಅರ್ಥ ಹುಡುಕಬೇಕು ಅಂತಾನೆ ಲೂಥರ್. ಹುಡುಕಿ ನೋಡೋಣ ಅಂದೆ. ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, "ಮಿಸ್, ಅವಳು ತಂದೇ ಇಲ್ಲವೇನೋ." ಮರುದಿನ ಅವಳಮ್ಮ ಬಾಕ್ಸ್ ತಂದುಕೊಟ್ಟರು. ಮನೆಯಲ್ಲಿ ಹೊಲಿಗೆ ಮೆಷಿನ್ ಮೇಲೇ ಇತ್ತಂತೆ.

ನಾನು ಮಾಡಿದ ತಪ್ಪು ಬೇರೆ ಇದೆ. "ಆರನೇ ಆಜ್ಞೆ ಯಾವುದು?" ಅಂತ ಪರೀಕ್ಷೆಯಲ್ಲಿ ಕೇಳಿದ್ದೆ. ಒಬ್ಬ "ನರಹತ್ಯ ಮಾಡಬಾರದು" ಅಂತ ಬರೆದಿದ್ದ, ತಪ್ಪು ಹಾಕಿದೆ. ಅವರಪ್ಪ ಮೆಥಡಿಸ್ಟ್ ಸಭೆಯವರು, ಆ ಸಭೆಯ ಲೆಕ್ಕದಲ್ಲಿ ಅದು ಆರನೆಯದೇ. ಬೈಬಲ್ ಹಿಡಿದುಕೊಂಡೇ ಬಂದರು. ಅವರ ಲೆಕ್ಕವೂ ಸರಿಯೇ. ವಿಗ್ರಹ ಮಾಡಬಾರದು ಅನ್ನುವ ಮಾತನ್ನು ನಾವು ಲೂಥರನ್ನರು ಮೊದಲನೇ ಆಜ್ಞೆಯಲ್ಲೇ ಸೇರಿಸಿಬಿಡುತ್ತೇವೆ, ಇನ್ನೊಬ್ಬರದಕ್ಕೆ ಆಸೆಪಡಬಾರದು ಅನ್ನುವ ಕೊನೆಯ ಆಜ್ಞೆಯನ್ನು ಎರಡು ಮಾಡುತ್ತೇವೆ. ಹೀಗಾಗಿ ನರಹತ್ಯ ನಮಗೆ ಐದನೆಯದು. ಗೋವಾ, ಮಂಗಳೂರಿನ ಕ್ಯಾಥಲಿಕ್ ಮಕ್ಕಳ ಲೆಕ್ಕ ಮಾತ್ರ ನಮ್ಮದೇ! ಅವತ್ತಿನಿಂದ ನಂಬರ್ ಹಿಡಿದು ಪ್ರಶ್ನೆ ಕೇಳುವುದನ್ನು ಬಿಟ್ಟೆ. ನೀವೂ ಕೇಳಬೇಡಿ.

ಭಾಷೆಯ ವಿಷಯದಲ್ಲಿ ಹಟ ಬೇಡ. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದ ಲೂಥರನ್ ಪಾದ್ರಿ ಸೀಗನ್‌ಬಾಲ್ಗ್ ಮೊದಲು ತಾನು ತಮಿಳು ಕಲಿತ, ಆಮೇಲೆ ಮಕ್ಕಳಿಗೆ ತಮಿಳಿನಲ್ಲೇ ಕಲಿಸಿದ. ನಮ್ಮಲ್ಲಿ ಉಳಿದದ್ದೆಲ್ಲ ಇಂಗ್ಲಿಷ್, ಹಿಂದಿ. ಕರ್ತನ ಪ್ರಾರ್ಥನೆ ಮಾತ್ರ ಅವರವರ ಮನೆ ಮಾತಿನಲ್ಲಿ, ಎಲ್ಲರೂ ಒಟ್ಟಿಗೆ. ಮೊದಮೊದಲು ಸಂತೆ ಗದ್ದಲ ಅನ್ನಿಸುತ್ತದೆ, ಹೆದರಬೇಡಿ. ನಮ್ಮ ಕನ್ನಡದವರದು ಯಾವಾಗಲೂ ಕೊನೆಗೆ ಮುಗಿಯುವುದು. "ಆಮೆನ್" ಅನ್ನುವುದಕ್ಕೆ ಮರಾಠಿ, ತಮಿಳು ಮಕ್ಕಳು ಒಂದು ಕಣ್ಣು ತೆರೆದು ನಮಗೋಸ್ಕರ ಕಾಯುತ್ತಿರುತ್ತಾರೆ.