ಹಿರಿಯರ ಫೋನು, ಹಿರಿಯರ ಖಾತೆ: ನಾವು ಮಾಡಿಕೊಂಡ ಏರ್ಪಾಡು

ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆಯ ಮನೆಗಳಲ್ಲಿ ಹಿರಿಯರ ಜೊತೆ ಕೂತು ಅವರ ಫೋನು ಮತ್ತು ಬ್ಯಾಂಕ್ ಖಾತೆ ಎರಡನ್ನೂ ವಂಚಕರ ಕೈಗೆ ಸಿಗದ ಹಾಗೆ ಸರಿಮಾಡಿಕೊಡುವ ಕೆಲಸ ನಮ್ಮದು. ಶುರುವಿನಲ್ಲಿ ನಾವೂ ಎಲ್ಲರ ಹಾಗೆ ‘ಓಟಿಪಿ ಯಾರಿಗೂ ಹೇಳಬ್ಯಾಡ್ರಿ’ ಎಂದು ಹೇಳಿ ಎದ್ದು ಬರುತ್ತಿದ್ದೆವು. ಅದು ಸಾಲುವುದಿಲ್ಲ. ಫೋನ್ ಮಾಡಿದವನು ಓಟಿಪಿ ಎಂಬ ಮಾತನ್ನೇ ಎತ್ತುವುದಿಲ್ಲ. ‘ಯವ್ವಾ, ನಿಮ್ಮ ಗೃಹಲಕ್ಷ್ಮಿ ರೊಕ್ಕ ನಿಂತೈತಿ, ಮೆಸೇಜಿನಾಗ ಬಂದ ಆರು ಅಂಕಿ ಓದ್ರಿ’ ಅನ್ನುತ್ತಾನೆ. ಗಾಬರಿಯಾದ ಗಳಿಗೆಯಲ್ಲಿ ಹಿಂದೆಂದೋ ಕೇಳಿದ ಬುದ್ಧಿಮಾತು ಯಾವ ವಯಸ್ಸಿನವರಿಗೂ ನೆನಪಾಗುವುದಿಲ್ಲ. ಹಾಗಾಗಿ ನಮ್ಮ ಲೆಕ್ಕ ಬದಲಾಯಿತು: ಹಿರಿಯರು ಮರೆತು ಎಲ್ಲವನ್ನೂ ಹೇಳಿಬಿಟ್ಟರೂ ಹೋಗುವ ಮೊತ್ತ ಸಣ್ಣದಾಗಿರಬೇಕು.

ಇದಕ್ಕೆ ಮೊದಲು ಹಿಡಿಯಬೇಕಾದದ್ದು ಸಿಮ್. ಯುಪಿಐ ಆ್ಯಪ್ ಶುರುವಾಗುವಾಗ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು, ಅಲ್ಲಿಂದಲೇ ಒಂದು ಮೆಸೇಜ್ ಹೋಗಬೇಕು. ಅದಾದ ಮೇಲೆ ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು, ಒಂದು ಓಟಿಪಿ ಸಿಕ್ಕರೆ ಪಿನ್ ಹೊಸದಾಗಿ ಹಾಕಬಹುದು. ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ, ಆರ್‌ಟಿಓ ಚಲನ್, ಪಿಎಂ ಕಿಸಾನ್ ಹೆಸರಿನಲ್ಲಿ ಬರುವ ಎಪಿಕೆ ಫೈಲು (ಪ್ಲೇ ಸ್ಟೋರಿನ ಹೊರಗಿಂದ ಆ್ಯಪ್ ಹಾಕುವ ಫೈಲು) ಒಮ್ಮೆ ಕೂತಿತೆಂದರೆ ಫೋನಿಗೆ ಬಂದ ಓಟಿಪಿಯನ್ನು ತಾನೇ ಓದಿ ಕಳಿಸುತ್ತದೆ. ಹಿರಿಯರು ಬಾಯಿ ಬಿಡಬೇಕಿಲ್ಲ. ಆದ್ದರಿಂದ ಪಿಂಚಣಿ ಅಥವಾ ಭತ್ತದ ರೊಕ್ಕ ಬೀಳುವ ಖಾತೆಯ ನಂಬರಿನ ಸಿಮ್ಮನ್ನು ಟಚ್ ಫೋನಿನಿಂದ ತೆಗೆದು ಬಟನ್ ಫೋನಿಗೆ ಹಾಕುತ್ತೇವೆ. ಆಧಾರಿಗೆ ಜೋಡಿಸಿದ ನಂಬರೂ ಅದೇ. ಬಟನ್ ಫೋನಿನಲ್ಲಿ ಎಪಿಕೆ ಕೂರುವುದಿಲ್ಲ. ಟಚ್ ಫೋನಿಗೆ ಬೇರೆ ಸಿಮ್. ಮೊಮ್ಮಕ್ಕಳ ಮುಖ ನೋಡುವುದು, ವಚನ, ಭಜನೆ ಕೇಳುವುದು ಎಲ್ಲ ಅದರಲ್ಲಿ. ಬಟನ್ ಫೋನಿನ ಸಿಮ್ಮಿಗೆ ರೀಚಾರ್ಜ್ ತಪ್ಪಿಸಬಾರದು. 90 ದಿನ ಬಳಕೆಯೇ ಇಲ್ಲದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು, ಮುಂದೆ ಆ ನಂಬರ್ ಬೇರೆಯವರ ಪಾಲಾಗಬಹುದು.

ಎರಡನೆಯದು ಖಾತೆ. ದಿನದ ಖರ್ಚಿಗೆ ಒಂದು ಸಣ್ಣ ಖಾತೆ, ಅದರಲ್ಲಿ ಮೂರು ನಾಲ್ಕು ಸಾವಿರಕ್ಕಿಂತ ಹೆಚ್ಚು ಇಡುವುದಿಲ್ಲ, ಯುಪಿಐ ಅದಕ್ಕೆ ಮಾತ್ರ. ಇದನ್ನು ಬೇರೆ ಬ್ಯಾಂಕಿನಲ್ಲೇ ತೆಗೆಸಬೇಕು. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇದ್ದರೆ ಸಾಮಾನ್ಯವಾಗಿ ಗ್ರಾಹಕ ಸಂಖ್ಯೆ ಒಂದೇ, ನಂಬರೂ ಒಂದೇ. ಟಚ್ ಫೋನಿನ ಆ್ಯಪಿನಲ್ಲಿ ದೊಡ್ಡ ಖಾತೆಯೂ ಎದ್ದು ಕಾಣುತ್ತದೆ. ಪಿಂಚಣಿ ಗ್ರಾಮೀಣ ಬ್ಯಾಂಕಿನಲ್ಲಿದ್ದರೆ ಸಣ್ಣದನ್ನು ಅಂಚೆಯ ಪೇಮೆಂಟ್ಸ್ ಬ್ಯಾಂಕಿನಲ್ಲಿ ಮಾಡಿಸಬಹುದು. ಇಲ್ಲಿ ಬಹಳ ಸಲ ಎಡವಟ್ಟಾಗುವುದು ಆಧಾರ್ ಜೋಡಣೆಯಲ್ಲಿ. ಹೊಸ ಖಾತೆಯ ಅರ್ಜಿಯಲ್ಲಿ ‘ಸರ್ಕಾರದ ಸಹಾಯಧನ ಈ ಖಾತೆಗೆ ಬರಲಿ’ ಎಂಬ ಕಡೆ ಟಿಕ್ ಬಿದ್ದರೆ ಗೃಹಲಕ್ಷ್ಮಿಯ 2,000, ಸಂಧ್ಯಾ ಸುರಕ್ಷಾ ಹಣ ಎಲ್ಲ ಹೊಸ ಖಾತೆಗೆ ತಿರುಗುತ್ತವೆ, ಏಕೆಂದರೆ ಕೊನೆಗೆ ಜೋಡಿಸಿದ ಖಾತೆಯೇ ಲೆಕ್ಕಕ್ಕೆ. ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ಎರಡು ತಿಂಗಳು ಅಲೆಯುವುದು ಇದರಿಂದಲೇ. ಅರ್ಜಿ ತುಂಬುವಾಗ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.

ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿ ಗಣಿ ಇಂಥ ಕಡೆ ದುಡಿದು ನಿವೃತ್ತರಾದವರ ಮನೆಯಲ್ಲಿ ಪಿಎಫ್, ಗ್ರಾಚ್ಯುಟಿಯ ದೊಡ್ಡ ಗಂಟು ಇರುತ್ತದೆ. ಅದನ್ನು ಎಫ್‌ಡಿ ಮಾಡಿದರಷ್ಟೇ ಸಾಲದು. ನೆಟ್ ಬ್ಯಾಂಕಿಂಗ್ ಇದ್ದರೆ ಎಫ್‌ಡಿಯನ್ನು ಕೂತಲ್ಲೇ ಮುರಿಸುತ್ತಾರೆ. ನಾವು ಹೇಳುವುದು: ಗಂಡ ಹೆಂಡತಿ ಅಥವಾ ಮಗಳ ಜೊತೆ ಜಂಟಿ ಎಫ್‌ಡಿ, ‘ಇಬ್ಬರಲ್ಲಿ ಯಾರಾದರೂ’ ಎಂದಲ್ಲ, ‘ಇಬ್ಬರೂ ಕೂಡಿ’ ಎಂಬ ಷರತ್ತಿನದು. ಅವಧಿಗೆ ಮುಂಚೆ ಮುರಿಸಲು ಆಗ ಇಬ್ಬರ ಸಹಿ ಬೇಕು. ಡಿಜಿಟಲ್ ಅರೆಸ್ಟ್ ಎಂದು, ಅಂದರೆ ಪೊಲೀಸರ ಸೋಗಿನಲ್ಲಿ ವಿಡಿಯೋ ಕಾಲಿನಲ್ಲೇ ಬಂಧಿಸಿದ್ದೇವೆಂದು ಹೆದರಿಸುವವರು ಹಿರಿಯರನ್ನೇ ಬ್ಯಾಂಕಿಗೆ ಕಳಿಸಿ ದೊಡ್ಡ ಮೊತ್ತ ಕಳಿಸುವ ಆರ್‌ಟಿಜಿಎಸ್ ಮಾಡಿಸುತ್ತಾರೆ, ಯಾರಿಗೂ ಹೇಳಕೂಡದೆಂದು ಕಟ್ಟಪ್ಪಣೆ ಮಾಡಿರುತ್ತಾರೆ. ಆ ಎರಡನೇ ಸಹಿ ಕೇಳುವ ಹೊತ್ತಿಗೆ ಇನ್ನೊಬ್ಬರ ಕಿವಿಗೆ ವಿಷಯ ಬಿದ್ದೇ ಬೀಳುತ್ತದೆ.

ಹೆಬ್ಬೆಟ್ಟಿನದು ಬೇರೆಯೇ ತಾಪತ್ರಯ. ಆಧಾರ್ ಜೋಡಿಸಿದ ಖಾತೆಯಿಂದ ಊರಿನ ಬ್ಯಾಂಕ್ ಮಿತ್ರನ ಯಂತ್ರದಲ್ಲಿ ಬೆರಳು ಒತ್ತಿಯೇ ಹಣ ತೆಗೆಯಬಹುದು. ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ಬೆರಳು, ಕಣ್ಣು, ಮುಖ ಮೂರೂ ಬಂದ್. ಯಾರೂ ಬೆರಳಚ್ಚಿನ ನಕಲು ಮಾಡಿ ಹಣ ಎಳೆಯಲಾರರು. ಆದರೆ ರೇಷನ್ ಅಂಗಡಿಯಲ್ಲಿ ಯಂತ್ರ 330 ಎಂಬ ದೋಷಸಂಖ್ಯೆ ತೋರಿಸಿ ಅಕ್ಕಿ ನಿಲ್ಲುತ್ತದೆ. ನವೆಂಬರಿನಲ್ಲಿ ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡಲು ಹೋದಾಗಲೂ ಇದೇ ಪಾಡು. ಹೋಗುವ ಮುಂಚೆ ಲಾಕ್ ತೆಗೆಯಬೇಕು, ಅದಕ್ಕೆ ಓಟಿಪಿ ಬರುವ ಬಟನ್ ಫೋನು ಕೈಯಲ್ಲಿರಬೇಕು. ಮನೆಯಲ್ಲಿ ಇದನ್ನು ಮಾಡಿಕೊಡುವವರು ಇದ್ದರೆ ಮಾತ್ರ ಲಾಕ್ ಹಾಕುತ್ತೇವೆ. ಇಲ್ಲದ ಕಡೆ ಅಕ್ಕಿ ತಪ್ಪಿಸಿ ಹಣ ಕಾಯುವುದು ನಮಗೆ ಸರಿ ಕಾಣುವುದಿಲ್ಲ. ಅಂಥವರಿಗೆ ಒಂದೇ ಪಾಠ: ಒಂದು ಸಲ ಬೆರಳು ಒತ್ತಿದರೆ ಒಂದು ಚೀಟಿ. ‘ಫೇಲ್ ಆಗೈತಿ, ಮತ್ತ ಒತ್ರಿ’ ಅಂದರೆ ಫೇಲ್ ಆದ ಚೀಟಿ ಕೇಳಿ ತಗೊಂಡೇ ಮತ್ತೆ ಒತ್ತುವುದು. ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ಚೀಟಿಗಳ ಜೊತೆ ತಾಳೆ ನೋಡುವುದು.

ಟಚ್ ಫೋನಿನ ಸೆಟ್ಟಿಂಗ್‌ಗೆ ಇಪ್ಪತ್ತು ನಿಮಿಷ ಸಾಕು. ಗೊತ್ತಿಲ್ಲದ ಕಡೆಯಿಂದ ಆ್ಯಪ್ ಹಾಕುವ ಅನುಮತಿ ವಾಟ್ಸಾಪ್, ಕ್ರೋಮ್, ಫೈಲ್ಸ್ ಮೂರಕ್ಕೂ ಬಂದ್. ಅಪಾಯದ ಆ್ಯಪ್ ಹಿಡಿಯುವ ಪ್ಲೇ ಪ್ರೊಟೆಕ್ಟ್ ಚಾಲೂ. ದೂರದಿಂದಲೇ ಫೋನಿನ ಪರದೆ ನೋಡಲು ಬಿಡುವ ಎನಿಡೆಸ್ಕ್, ಟೀಮ್‌ವ್ಯೂವರ್ ಆ್ಯಪ್ ಇದ್ದರೆ ತೆಗೆಯುವುದು. ವಾಟ್ಸಾಪಿನಲ್ಲಿ ಗೊತ್ತಿಲ್ಲದವರ ಕರೆ ಸದ್ದಾಗದಂತೆ ಮಾಡುವುದು, ಪರಿಚಯದವರು ಮಾತ್ರ ಗ್ರೂಪಿಗೆ ಸೇರಿಸುವಂತೆ ಇಡುವುದು, ಡಾಕ್ಯುಮೆಂಟ್ ತಾನಾಗಿ ಇಳಿಯದಂತೆ ನೋಡುವುದು, ಎರಡು ಹಂತದ ಆರಂಕಿ ಪಿನ್ ಹಾಕುವುದು. ದುಬೈಯಲ್ಲಿರುವ ಮಗ ಹೊಸ ನಂಬರಿನಿಂದ ವಾಟ್ಸಾಪ್ ಕರೆ ಮಾಡಿದರೆ ಕೇಳಿಸುವುದಿಲ್ಲ, ಇದನ್ನು ಮಕ್ಕಳಿಗೆ ಮೊದಲೇ ತಿಳಿಸಿ. ಫೋನ್ ಬಂದಾಗ ಪರದೆ ಮೇಲೆ ‘ಪೊಲೀಸ್’ ಎಂದು ಹೆಸರು, ಲಾಂಛನ ಕಂಡರೂ ನಂಬಬಾರದು. ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಇಷ್ಟಾದ ಮೇಲೆ ಮಾತಿನ ತಾಲೀಮು. ನಮ್ಮ ಕಡೆಯ ಹಿರಿಯರಿಗೆ ಮಾತಾಡುತ್ತಿರುವವರ ಫೋನು ಕತ್ತರಿಸುವುದು ಅಂದರೆ ಮನೆಗೆ ಬಂದವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಸಾಹೇಬರು ಅಂದರಂತೂ ಎದ್ದು ನಿಂತು ಮಾತಾಡುವವರಿದ್ದಾರೆ. ವಂಚಕ ತಿನ್ನುವುದು ಈ ಮರ್ಯಾದೆಯನ್ನೇ. ಅದಕ್ಕೆ ಮರ್ಯಾದೆ ಕೆಡದ ಒಂದು ಮಾತು ಕೊಡುತ್ತೇವೆ: ‘ಮಗ ಬಂದ ಮ್ಯಾಲೆ ಅವನ ಕೂಡ ಮಾತಾಡ್ರಿ, ಈಗ ಇಡ್ತೀನ್ರಿ.’ ಆಮೇಲೆ ಪಡಸಾಲೆಯಲ್ಲಿ ಅವರನ್ನು ಕೂಡಿಸಿ ಒಳಗಿನ ಕೋಣೆಯಿಂದ ನಾವೇ ಫೋನ್ ಮಾಡುತ್ತೇವೆ. ಮೊದಲು ‘ಇವತ್ತು ರಾತ್ರಿ ಒಂಬತ್ತೂವರೆಗೆ ನಿಮ್ಮ ಕರೆಂಟ್ ಕಟ್’, ಆಮೇಲೆ ಗೃಹಲಕ್ಷ್ಮಿ, ಕೊನೆಗೆ ‘ನಿಮ್ಮ ಪಾರ್ಸಲಿನಲ್ಲಿ ಗಾಂಜಾ ಸಿಕ್ಕಿದೆ, ವಿಡಿಯೋ ಕಾಲಿನಿಂದ ಕದಲಬೇಡಿ’. ಮೊದಲ ಸುತ್ತಿನಲ್ಲಿ ಬಹುತೇಕರು ವಿವರಣೆ ಕೊಡಲು ಶುರುಮಾಡುತ್ತಾರೆ, ‘ನಾವು ಬಿಲ್ ತುಂಬೇವಲ್ರಿ’ ಎಂದು. ವಿವರಣೆ ಕೊಟ್ಟಷ್ಟೂ ಅವನಿಗೆ ಹಿಡಿ ಸಿಗುತ್ತದೆ. ಮೂರನೇ ಸುತ್ತಿನ ಹೊತ್ತಿಗೆ ಆ ಒಂದು ಮಾತು ಬಾಯಿಗೆ ಬಂದು ಕೈ ಕೆಂಪು ಗುಂಡಿಗೆ ಹೋಗುತ್ತದೆ. ಬಳ್ಳಾರಿ, ರಾಯಚೂರಿನಲ್ಲಿ ತೆಲುಗು, ಉರ್ದು ಮನೆಮಾತಿನವರು ಬಹಳ. ತಾಲೀಮು ಆ ಮಾತಿನಲ್ಲೇ ಆಗಬೇಕು. ಕರೆಂಟಿನ ಅನುಮಾನಕ್ಕೆ ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂನ 1912 ಇದೆ. ವಿಡಿಯೋ ಕಾಲಿನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲ; 2024ರ ಅಕ್ಟೋಬರ್ 27ರ ಮನದ ಮಾತಿನಲ್ಲಿ ಪ್ರಧಾನಿಯೂ ಇದನ್ನೇ ಹೇಳಿದ್ದರು.

ಬಟನ್ ಫೋನಿನ ಬೆನ್ನಿಗೆ ಒಂದು ಬಿಳಿ ಚೀಟಿ ಅಂಟಿಸಿ ಮೇಲೆ ಪಾರದರ್ಶಕ ಟೇಪು ಸುತ್ತುತ್ತೇವೆ. ದಪ್ಪ ಮಾರ್ಕರಿನಲ್ಲಿ ಮೂರೇ ಸಾಲು: ಮಗಳ ನಂಬರ್, 1930 (ಸೈಬರ್ ವಂಚನೆಯ ಸಹಾಯವಾಣಿ), ‘ರೊಕ್ಕ ಬರಾಕ ಪಿನ್ ಬ್ಯಾಡ’. ನಾಲ್ಕನೇ ಸಾಲು ಬರೆದರೆ ಅಕ್ಷರ ಸಣ್ಣದಾಗಿ ಯಾರೂ ಓದುವುದಿಲ್ಲ.

ಹಣ ಹೋದರೆ ಮೊದಲ ಕರೆ 1930ಕ್ಕೆ, ಬ್ಯಾಂಕಿಗೆ ಓಡುವ ಮುಂಚೆ. ವಂಚಕನ ಖಾತೆಯಿಂದ ಹಣ ಮುಂದಕ್ಕೆ ದಾಟುವಷ್ಟರಲ್ಲಿ ಅದನ್ನು ತಡೆಹಿಡಿಸಬೇಕು; ಇಲ್ಲಿ ನಿಮಿಷದ ಲೆಕ್ಕ. ಖಾತೆ ನಂಬರ್, ಮೊತ್ತ, ಹೋದ ಹೊತ್ತು, ಯುಪಿಐ ಆದರೆ 12 ಅಂಕಿಯ ಯುಟಿಆರ್ ಸಂಖ್ಯೆ (ಆ ವ್ಯವಹಾರದ ಗುರುತು) ಕೈಯಲ್ಲಿರಲಿ. ಲೈನ್ ಬ್ಯುಸಿ ಬಂದರೆ ಇನ್ನೊಬ್ಬರು ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ದೂರು ತುಂಬಲಿ. ಎಪಿಕೆ ಕೂತಿದ್ದರೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬೇರೆ ಫೋನಿನಿಂದ ಕರೆ ಮಾಡಿ. ಫೋನ್ ರೀಸೆಟ್ ಮಾಡಿ ಸಾಕ್ಷಿ ಅಳಿಸಬೇಡಿ. ಆಮೇಲೆ ಆ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ##002# ಒತ್ತಿದರೆ ಕರೆ ಬೇರೆಡೆ ತಿರುಗಿಸಿದ್ದು ರದ್ದಾಗುತ್ತದೆ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಗ್ರಾಹಕರೇ ಓಟಿಪಿ ಕೊಟ್ಟಿದ್ದರೂ, ದೂರು ಕೊಟ್ಟ ಮೇಲೆ ಆದ ನಷ್ಟ ಬ್ಯಾಂಕಿನದು. ಮೊಹರಿನ ಮೇಲಿನ ಹೊತ್ತಿಗೆ ಅಷ್ಟು ಬೆಲೆ. ಕೊನೆಗೆ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆ.

ಇದೆಲ್ಲ ನಡೆಯಬೇಕಾದರೆ ಹಿರಿಯರು ಹಣ ಹೋದ ತಕ್ಷಣ ಬಾಯಿಬಿಡಬೇಕು. ‘ನಿನಗ್ಯಾಕ ಬೇಕಿತ್ತು ಈ ಫೋನು’ ಎಂದು ಒಮ್ಮೆ ಬೈಸಿಕೊಂಡವರು ಮುಂದಿನ ಸಲ ಎರಡು ದಿನ ಮುಚ್ಚಿಡುತ್ತಾರೆ, ಆಗ 1930 ಕೂಡ ಏನೂ ಮಾಡಲಾರದು. ಆದ್ದರಿಂದ ಮಕ್ಕಳನ್ನು ಬೇರೆ ಕೂಡಿಸಿ, ಬೈಯುವುದಿಲ್ಲ ಎಂದು ಮಾತು ತಗೊಂಡ ಮೇಲೆಯೇ ನಾವು ಸಿಮ್ ತೆಗೆಯಲು ಕೈ ಹಾಕುವುದು.

ಒಮ್ಮೆ ಹಣ ಕಳೆದುಕೊಂಡ ಮನೆಗೆ ಮತ್ತೊಂದು ಕರೆ ಬರುವುದುಂಟು, ‘ನಿಮ್ಮ ರೊಕ್ಕ ಸಿಕ್ಕಿದೆ, ಫೀಜು ಕಟ್ಟಿದರೆ ಬಿಡಿಸಿಕೊಡುತ್ತೇವೆ’ ಎಂದು. 1930ಕ್ಕಾಗಲಿ ಠಾಣೆಗಾಗಲಿ ಯಾವ ಫೀಜೂ ಇಲ್ಲ. ಅಂಥ ಮನೆಗಳಿಗೆ ಹದಿನೈದು ದಿನದೊಳಗೆ ಇನ್ನೊಮ್ಮೆ ಹೋಗಿ ಈ ನಾಲ್ಕನೇ ಕರೆಯ ತಾಲೀಮನ್ನೂ ಮಾಡಿಸಿ ಬರುತ್ತೇವೆ.